ಇಂಪ್ಲಾಂಟ್‌ಗೆ ಒಬ್ರು 22 ಸಾವಿರ ಅಂತಾರೆ, ಇನ್ನೊಬ್ರು 58 ಸಾವಿರ ಅಂತಾರೆ, ಯಾರನ್ನ ನಂಬೋದು?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಮ್ಮದು ಅರಸೀಕೆರೆ ಹತ್ರ ಹಳ್ಳಿ. ಅಮ್ಮಂಗೆ 58 ವರ್ಷ, ಶುಗರ್ ಇದೆ, ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್ (HbA1c) ಲಾಸ್ಟ್ ಟೈಮ್ 8.6 ಬಂದಿತ್ತು. ಕೆಳಗಡೆ ಬಲಗಡೆ ದವಡೆ ಹಲ್ಲು ಒಂದನ್ನ ಹೋದ ವರ್ಷ ದೀಪಾವಳಿ ಟೈಮಲ್ಲಿ ಕೀಳಿಸಿದ್ವಿ. ಅದರ ಹಿಂದಿನ ಹಲ್ಲಿಗೆ ಎಂಟು ವರ್ಷದ ಹಿಂದೆನೇ ರೂಟ್ ಕೆನಾಲ್ ಆಗಿ ಕ್ಯಾಪ್ ಇದೆ, ಮುಂದಿನ ಹಲ್ಲು ಚೆನ್ನಾಗಿದೆ. ಆವತ್ತಿಂದ ಅಮ್ಮ ಎಡಗಡೆನೇ ಅಗೀತಾರೆ, ಚಕ್ಕುಲಿ ಕೊಟ್ರೆ ಟೀಲಿ ಅದ್ದಿ ಮೆತ್ತಗೆ ಮಾಡ್ಕೊಂಡು ತಿಂತಾರೆ, ನೋಡಕ್ಕೆ ಬೇಜಾರಾಗತ್ತೆ. ಇಂಪ್ಲಾಂಟ್ ಹಾಕ್ಸೋಣ ಅಂತ ವಿಚಾರಿಸಿದ್ರೆ ನಮ್ಮೂರ ಕ್ಲಿನಿಕ್ಕಲ್ಲಿ 22,000 ಅಂದ್ರು, ಹಾಸನದಲ್ಲಿ 35,000, ಬೆಂಗಳೂರಲ್ಲಿ 58,000. ಬೆಂಗಳೂರಲ್ಲಿ ಮಾತ್ರ ಸ್ಕ್ಯಾನ್ ತೆಗ್ಸಿದ್ರು, ರಿಪೋರ್ಟಲ್ಲಿ ಮೂಳೆ ಅಗಲ 5.2 ಎಂಎಂ, ನರದ ತನಕ ಎತ್ತರ 13.5 ಎಂಎಂ ಅಂತಿದೆ, ಬೋನ್ ಗ್ರಾಫ್ಟ್, ಅಂದ್ರೆ ಕಮ್ಮಿ ಇರೋ ಕಡೆ ಮೂಳೆ ಪುಡಿ ತುಂಬೋದು, ಬೇಕು ಅಂತಾರೆ. ಅಕ್ಕಪಕ್ಕದ ಹಲ್ಲು ಅರೆದು ಅದಕ್ಕೆ ಸೇರಿಸಿ ಕೂರಿಸೋ ಬ್ರಿಡ್ಜ್ ಆದ್ರೆ 15,000 ಅಂತೆ. ಅಪ್ಪ ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂತಾರೆ, ನೆಂಟರೊಬ್ರು ಇದು ಹಾಕ್ಸಿದ್ರೆ ಮುಂದೆ ಎಂಆರ್‌ಐ ಮಾಡ್ಸಕ್ಕಾಗಲ್ಲ, ಕಣ್ಣಿಗೂ ತೊಂದ್ರೆ ಅಂತ ಹೆದರಿಸಿದಾರೆ. ಸಾಲ ಮಾಡಿಯಾದ್ರೂ ಒಳ್ಳೇದೇ ಹಾಕಿಸ್ಬೇಕಾ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ರೇಟಿನ ಜೊತೆ ರಿಪೋರ್ಟಿನ ಅಳತೆ, ಶುಗರ್ ನಂಬರು, ಅಕ್ಕಪಕ್ಕದ ಹಲ್ಲಿನ ಕಥೆ ಎಲ್ಲ ಬರೆದಿದೀರ, ಇಷ್ಟು ಸರಿಯಾಗಿ ಬರೆದು ಕೇಳೋರು ಕಮ್ಮಿ, ಹಾಗಾಗಿ ನಾನೂ ಹಾರಿಕೆ ಉತ್ತರ ಕೊಡಲ್ಲ. ನಿಮ್ಮ ಚಿಂತೆ ಏನಂದ್ರೆ ಒಂದೇ ಹಲ್ಲಿಗೆ ಮೂರು ರೇಟು ಬಂದಿದೆ, ಯಾರೋ ಒಬ್ರು ಮೋಸ ಮಾಡ್ತಿದಾರೆ, ಇಲ್ಲಾ ಕಡಿಮೆ ಹೇಳಿದವರು ಡೂಪ್ಲಿಕೇಟ್ ಹಾಕ್ತಾರೆ ಅಂತ, ಅಲ್ವಾ. ನನಗನ್ಸೋದು ಮೂರೂ ಜನ ಸುಳ್ಳು ಹೇಳ್ತಿಲ್ಲ, ಮೂರು ಜನ ಮೂರು ಬೇರೆ ಬೇರೆ ಕೆಲಸದ ರೇಟು ಹೇಳಿದಾರೆ, ಅದನ್ನ ನಿಮಗೆ ಬಿಡಿಸಿ ಹೇಳಿಲ್ಲ ಅಷ್ಟೆ.

ಇಂಪ್ಲಾಂಟ್ ಅಂದ್ರೆ ಮೂರು ಭಾಗ. ಮೂಳೆ ಒಳಗೆ ಕೂರೋ ಟೈಟೇನಿಯಂ ಸ್ಕ್ರೂ ಒಂದು, ಅದರ ಮೇಲೆ ಕೂರೋ ಅಬಟ್‌ಮೆಂಟ್ ಅನ್ನೋ ಗೂಟದ ಥರದ್ದು ಒಂದು, ಅದರ ಮೇಲೆ ಕಣ್ಣಿಗೆ ಕಾಣೋ ಕ್ಯಾಪ್. ತುಂಬಾ ಕಡೆ "ಇಂಪ್ಲಾಂಟ್ 20 ಸಾವಿರ" ಅಂದ್ರೆ ಬರೀ ಸ್ಕ್ರೂ ಹಾಕೋ ರೇಟು, ನಾಲ್ಕು ತಿಂಗಳಾದ್ಮೇಲೆ ಹೋದಾಗ ಕ್ಯಾಪಿಗೆ 8 ಸಾವಿರ, ಅಬಟ್‌ಮೆಂಟ್‌ಗೆ 5 ಸಾವಿರ ಅಂತಾರೆ, ಆಗ ಜನಕ್ಕೆ ಸಿಟ್ಟು ಬರತ್ತೆ, ಬರಲೇಬೇಕು, ಮೊದಲೇ ಹೇಳಿದ್ರೆ ಬರ್ತಿರ್ಲಿಲ್ಲ. ನಿಮ್ಮೂರಿನ 22,000 ಹೀಗೇ ಇರಬಹುದು, ಕ್ಯಾಪ್ ಸೇರಿದೆಯಾ, ಯಾವ ಕ್ಯಾಪು, ಲೋಹದ ಮೇಲೆ ಸಿರಾಮಿಕ್ಕಾ ಅಥವಾ ಜಿರ್ಕೋನಿಯಾನಾ ಅಂತ ಕೇಳಿ ನೋಡಿ. 58,000ದ ಒಳಗೆ ಸ್ಕ್ಯಾನು, ಗ್ರಾಫ್ಟು, ಕ್ಯಾಪು ಎಲ್ಲ ಇದ್ರೆ ಎರಡರ ಮಧ್ಯದ ವ್ಯತ್ಯಾಸ ಕಾಣೋಷ್ಟು ದೊಡ್ಡದಲ್ಲ.

ಇನ್ನು ಸ್ಕ್ರೂನ ಕಂಪನಿ. ಸ್ಟ್ರಾಮನ್, ನೊಬೆಲ್ ಬಯೋಕೇರ್ ಥರದ ಯುರೋಪಿನವು ದುಬಾರಿ, ಓಸ್ಟೆಮ್, ಡೆಂಟಿಯಂ ಥರದ ಕೊರಿಯಾದವು ಮಧ್ಯದಲ್ಲಿ, ಆಲ್ಫಾ ಬಯೋ, ಅಡಿನ್ ಥರದ ಇಸ್ರೇಲಿನವು ಇನ್ನೂ ಸ್ವಲ್ಪ ಕೆಳಗೆ, ನಮ್ಮ ದೇಶದಲ್ಲೇ ಮಾಡೋವೂ ಇವೆ. ಡಾಕ್ಟ್ರು ಕೊಂಡ್ಕೊಳ್ಳೋ ರೇಟೇ ಕಂಪನಿ ಮೇಲೆ ಹೆಚ್ಚುಕಮ್ಮಿ ನಾಲ್ಕೈದು ಸಾವಿರದಿಂದ ಇಪ್ಪತ್ತು ಸಾವಿರದ ತನಕ ಹೋಗತ್ತೆ. ದುಬಾರಿದು ಹಾಕಿದ್ರೇನೇ ಉಳಿಯತ್ತೆ ಅನ್ನೋದು ನಿಜ ಅಲ್ಲ, ಒಳ್ಳೆ ಕೈಯಲ್ಲಿ ಮಧ್ಯಮ ರೇಟಿನ ಕೊರಿಯಾ ಸ್ಕ್ರೂ ಚೆನ್ನಾಗೇ ನಿಲ್ಲತ್ತೆ, ನಾನೇ ಹೆಚ್ಚಾಗಿ ಅದನ್ನೇ ಹಾಕೋದು. ಆದ್ರೆ ಹೆಸರೇ ಹೇಳದೆ "ಇಂಪೋರ್ಟೆಡ್" ಅಂತ ಮಾತ್ರ ಹೇಳಿದ್ರೆ ಒಪ್ಪಬೇಡಿ. ಯಾಕೆ ಅಂತ ಹೇಳ್ತೀನಿ.

ಪ್ರತಿ ಸ್ಕ್ರೂ ಸ್ಟೆರೈಲ್ ಡಬ್ಬಿಯಲ್ಲಿ ಬರತ್ತೆ, ಅದರ ಮೇಲೆ ಒಂದು ಸ್ಟಿಕ್ಕರ್ ಇರತ್ತೆ, ಕಂಪನಿ ಹೆಸರು, ಅಗಲ, ಉದ್ದ, ಲಾಟ್ ನಂಬರ್ ಎಲ್ಲ ಅದರಲ್ಲಿ. ಒಂದು ಸ್ಟಿಕ್ಕರ್ ನಮ್ಮ ಕೇಸ್ ಶೀಟಿಗೆ ಅಂಟಿಸ್ತೀವಿ, ಇನ್ನೊಂದು ಪೇಷೆಂಟ್ ಕಾರ್ಡಿಗೆ. ಕೆಲವು ವರ್ಷದ ಹಿಂದೆ ಒಬ್ಬ ಮೇಷ್ಟ್ರು ಬಂದಿದ್ರು, ಬೇರೆ ಊರಲ್ಲಿ ಹಾಕಿಸಿದ್ದ ಇಂಪ್ಲಾಂಟು, ಕ್ಯಾಪ್ ಅಲ್ಲಾಡ್ತಿತ್ತು. ಮೂಳೆ ಒಳಗಿನ ಸ್ಕ್ರೂ ಬಂಡೆ ಥರ ಗಟ್ಟಿ ಇತ್ತು, ಕ್ಯಾಪ್ ಹಿಡಿದಿರೋ ಸಣ್ಣ ಸ್ಕ್ರೂ ಮಾತ್ರ ಸಡಿಲ ಆಗಿತ್ತು, ಸರಿಯಾದ ಡ್ರೈವರ್ ಇದ್ರೆ ಹತ್ತು ನಿಮಿಷದ ಕೆಲಸ. ಆದ್ರೆ ಒಂದೊಂದು ಕಂಪನಿದು ತಲೆ ಒಂದೊಂದು ಥರ, ಒಂದು ಆರು ಮೂಲೆ, ಒಂದು ನಕ್ಷತ್ರದ ಥರ, ಅಳತೆನೂ ಬೇರೆ. ಅವರ ಹತ್ರ ಕಾರ್ಡ್ ಇಲ್ಲ, ಹಾಕಿದ ಕ್ಲಿನಿಕ್ ಮುಚ್ಚಿ ಹೋಗಿತ್ತು. ಎಕ್ಸ್‌ರೇಲಿ ಸ್ಕ್ರೂನ ಆಕಾರ ನೋಡಿ ಯಾವ ಕಂಪನಿ ಇರಬಹುದು ಅಂತ ಊಹೆ ಮಾಡಿ, ಮೂರು ಸೆಟ್ ಡ್ರೈವರ್ ತರಿಸಿ ನೋಡಿ, ಕೊನೆಗೂ ಕೂರ್ಲಿಲ್ಲ, ಕ್ಯಾಪ್ ಕೊರೆದು ಒಡೆದು ಹೊಸದು ಮಾಡಬೇಕಾಯ್ತು. ಗಟ್ಟಿಯಾಗಿದ್ದ ಇಂಪ್ಲಾಂಟಿಗೆ ಒಂದು ಚೀಟಿ ಇಲ್ದೆ 14 ಸಾವಿರ ದಂಡ. ಹಾಗಾಗಿ ಆ ಸ್ಟಿಕ್ಕರ್ ಇಸ್ಕೊಂಡು ಅಮ್ಮನ ಫೈಲಲ್ಲಿ ಇಟ್ಕೊಳ್ಳಿ, ಮೊಬೈಲಲ್ಲೂ ಫೋಟೋ ತೆಗೆದಿಡಿ.

ಬೋನ್ ಗ್ರಾಫ್ಟ್ ವಿಷಯಕ್ಕೆ ಬರೋಣ, ನಿಮಗೆ ಅನುಮಾನ ಜಾಸ್ತಿ ಇರೋದು ಅಲ್ಲೇ ಅನ್ಸತ್ತೆ. ಹಲ್ಲು ಕಿತ್ತ ಮೇಲೆ ಅಲ್ಲಿನ ಮೂಳೆಗೆ ಕೆಲಸ ಇರಲ್ಲ, ಕರಗ್ತಾ ಹೋಗತ್ತೆ, ಅದೂ ಮೊದಲ ವರ್ಷದಲ್ಲೇ ಜಾಸ್ತಿ, ದವಡೆ ಹಲ್ಲಿನ ಜಾಗದಲ್ಲಿ ಅಗಲ ಸುಮಾರು ಅರ್ಧದಷ್ಟು ಕಡಿಮೆ ಆಗಬಹುದು. ನಿಮ್ಮಮ್ಮಂಗೆ ಈಗ 5.2 ಎಂಎಂ ಉಳಿದಿದೆ. ದವಡೆ ಹಲ್ಲಿಗೆ ಸಾಮಾನ್ಯವಾಗಿ 4 ಎಂಎಂಗಿಂತ ದಪ್ಪದ ಸ್ಕ್ರೂ ಹಾಕ್ತೀವಿ, ಅದರ ಎರಡೂ ಕಡೆ ಒಂದರಿಂದ ಒಂದೂವರೆ ಎಂಎಂ ಆದ್ರೂ ಮೂಳೆ ಇರಬೇಕು, ನೀವೇ ಲೆಕ್ಕ ಹಾಕಿ, ಆರರಿಂದ ಏಳು ಬೇಕು, ಇರೋದು ಐದು ಚಿಲ್ಲರೆ. ಅಂದ್ರೆ ಬೆಂಗಳೂರಿನ ಡಾಕ್ಟ್ರು ಗ್ರಾಫ್ಟ್ ಬೇಕು ಅಂದಿದ್ದು ದುಡ್ಡು ಕೀಳಕ್ಕಲ್ಲ. ಉಳಿದಿಬ್ರು ಸ್ಕ್ಯಾನ್ ತೆಗ್ಸಿಲ್ಲ, ಸಾದಾ ಎಕ್ಸ್‌ರೇಲಿ ಎತ್ತರ ಕಾಣತ್ತೆ, ಅಗಲ ಕಾಣಲ್ಲ, ಹಾಗಾಗಿ ಅವರು ಗ್ರಾಫ್ಟ್ ಮಾತೇ ಎತ್ತಿಲ್ಲ, ಒಳಗೆ ತೆಗೆದು ನೋಡಿದ ಮೇಲೆ ಹೇಳ್ತಿದ್ರೇನೋ. ಎತ್ತರ 13.5 ಅನ್ನೋದು ಸಮಾಧಾನದ ವಿಷಯ. ಕೆಳದವಡೆ ಒಳಗೆ ಒಂದು ನರ ಹೋಗತ್ತೆ, ಅದಕ್ಕೆ ತಾಗಿದ್ರೆ ತುಟಿ, ಗದ್ದ ಜೋಮು ಹಿಡಿದ ಹಾಗೆ ಆಗತ್ತೆ, ಕೆಲವರಿಗೆ ಅದು ಹೋಗೋದೇ ಇಲ್ಲ, ಅದಕ್ಕೇ ಕನಿಷ್ಠ 2 ಎಂಎಂ ದೂರ ಬಿಡ್ತೀವಿ. 10 ಎಂಎಂ ಉದ್ದದ ಸ್ಕ್ರೂ ಹಾಕಿದ್ರೂ ನಿಮ್ಮಮ್ಮಂಗೆ ಜಾಗ ಇದೆ.

ಆದ್ರೆ ಗ್ರಾಫ್ಟ್ ಅಂದ್ರೆ ಯಾವಾಗ್ಲೂ ದೊಡ್ಡ ಆಪರೇಷನ್ ಅಂತಲ್ಲ. ಸ್ವಲ್ಪ ಸಣ್ಣ, ಮೂರೂವರೆ ಎಂಎಂ ಸ್ಕ್ರೂ ಹಾಕಿ ಅದೇ ಟೈಮಲ್ಲಿ ಪಕ್ಕದಲ್ಲಿ ಸ್ವಲ್ಪ ಪುಡಿ ತುಂಬೋದು ಒಂದು ದಾರಿ, ಸಣ್ಣ ಸ್ಕ್ರೂ ದವಡೆ ಹಲ್ಲಿನ ಭಾರಕ್ಕೆ ಸ್ವಲ್ಪ ದುರ್ಬಲ ಅನ್ನೋದು ಅದರ ರಿಸ್ಕು. ಮೊದಲು ಗ್ರಾಫ್ಟ್ ಮಾಡಿ ಐದಾರು ತಿಂಗಳು ಬಿಟ್ಟು ಆಮೇಲೆ ಹಾಕೋದು ಇನ್ನೊಂದು, ಅದರಲ್ಲಿ ಖರ್ಚು, ಓಡಾಟ ಎರಡೂ ಜಾಸ್ತಿ. ನಿಮ್ಮ ಡಾಕ್ಟ್ರು ಯಾವುದನ್ನ ಹೇಳ್ತಿದಾರೆ ಕೇಳಿ. ಇನ್ನೊಂದು ಮಾತು, ಇದನ್ನ ಹೇಳೋರು ಕಮ್ಮಿ, ಆದ್ರೆ ನಾನು ಪ್ರತಿಯೊಬ್ಬರಿಗೂ ಹೇಳ್ತೀನಿ: ಗ್ರಾಫ್ಟ್ ಪುಡಿಯಲ್ಲಿ ಹೆಚ್ಚು ಬಳಕೆಯಲ್ಲಿರೋದು ಹಸುವಿನ ಮೂಳೆಯಿಂದ ಸಂಸ್ಕರಿಸಿ ಮಾಡಿದ್ದು, ಹಂದಿದು ಇದೆ, ದಾನಿಗಳ ಮನುಷ್ಯರ ಮೂಳೆದೂ ಇದೆ, ಪೂರ್ತಿ ಕೃತಕವಾದ್ದೂ ಇದೆ. ನಮ್ಮ ಕಡೆ ಎಷ್ಟೋ ಮನೆಯವರಿಗೆ ಇದು ನಂಬಿಕೆಯ ಪ್ರಶ್ನೆ, ಹಾಕಿ ಆದ್ಮೇಲೆ ಗೊತ್ತಾದ್ರೆ ಆ ಸಂಕಟ ಯಾರಿಗೂ ಬೇಡ. ಬೇಡ ಅನ್ಸಿದ್ರೆ ಮೊದಲೇ ಹೇಳಿ, ಕೃತಕದ್ದು ಸಿಗತ್ತೆ.

ನೆಂಟರು ಹೇಳಿದ್ದಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಟೈಟೇನಿಯಂ ಅಯಸ್ಕಾಂತಕ್ಕೆ ಅಂಟಲ್ಲ, ಎಂಆರ್‌ಐ ಮಾಡಿಸಬಹುದು, ಬಾಯಿ ಸುತ್ತ ಚಿತ್ರ ಸ್ವಲ್ಪ ಮಸುಕಾಗತ್ತೆ ಅಷ್ಟೆ, ಸ್ಕ್ಯಾನ್ ಮಾಡೋರಿಗೆ ಮೊದಲೇ ಹೇಳಿದ್ರೆ ಸಾಕು. ಕಣ್ಣಿನ ಮಾತು ಹಳೇದು, ಹಲ್ಲು ಕಿತ್ರೆ ಕಣ್ಣು ಹೋಗತ್ತೆ ಅಂತ ಹೆದರಿ ಕೊಳೆತ ಹಲ್ಲು ಬಾಯಲ್ಲೇ ಇಟ್ಕೊಂಡು ಮುಖ ಊದಿಸ್ಕೊಂಡು ಬರೋರನ್ನ ಈಗಲೂ ನೋಡ್ತೀನಿ. ಹಲ್ಲಿನ ನರಕ್ಕೂ ನೋಟದ ನರಕ್ಕೂ ಸಂಬಂಧ ಇಲ್ಲ.

ಲೈಫ್‌ಟೈಮ್ ಗ್ಯಾರಂಟಿ ಅನ್ನೋ ಬೋರ್ಡ್ ನೋಡಿರ್ತೀರ. ಅದು ಹೆಚ್ಚಾಗಿ ಸ್ಕ್ರೂಗೆ ಕಂಪನಿ ಕೊಡೋ ವಾರಂಟಿ, ಸ್ಕ್ರೂ ಫೇಲ್ ಆದ್ರೆ ಇನ್ನೊಂದು ಸ್ಕ್ರೂ ಕೊಡ್ತಾರೆ, ಮತ್ತೆ ಆಪರೇಷನ್ ಚಾರ್ಜು, ಹೊಸ ಕ್ಯಾಪು ಅದರಲ್ಲಿ ಬರತ್ತಾ ಇಲ್ವಾ ಅಂತ ಕೇಳಬೇಕು. ನಿಜವಾದ ಬಾಳಿಕೆ ಎಷ್ಟು ಅಂದ್ರೆ, ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನೋರು 1952ರಲ್ಲಿ ಮೊಲದ ಕಾಲಿನ ಮೂಳೆ ಒಳಗೆ ಟೈಟೇನಿಯಂ ಇಟ್ಟು ಬೇರೇನೋ ಪರೀಕ್ಷೆ ಮಾಡ್ತಿದ್ರು, ತೆಗೆಯಕ್ಕೆ ಹೋದ್ರೆ ಬರ್ಲಿಲ್ಲ, ಮೂಳೆ ಅದನ್ನ ಕಚ್ಚಿ ಹಿಡಿದಿತ್ತು. ಅಲ್ಲಿಂದ ಶುರುವಾಗಿದ್ದು ಈ ಚಿಕಿತ್ಸೆ. 1965ರಲ್ಲಿ ಅವರು ಮೊದಲ ಸಲ ಹಲ್ಲಿಗಾಗಿ ಹಾಕಿದ ಪೇಷೆಂಟ್ ಗೋಸ್ಟಾ ಲಾರ್ಸನ್ 2006ರಲ್ಲಿ ತೀರ್ಕೊಳ್ಳೋ ತನಕ, ಅಂದ್ರೆ 40 ವರ್ಷದ ಮೇಲೆ, ಆ ಇಂಪ್ಲಾಂಟ್ ಬಾಯಲ್ಲೇ ಇತ್ತು. ಎಲ್ಲರಿಗೂ ಹೀಗೇ ಅಂತ ಹೇಳಕ್ಕಾಗಲ್ಲ, ಆದ್ರೆ ಸರಿಯಾಗಿ ಆಯ್ಕೆ ಮಾಡಿದ ಪೇಷೆಂಟಲ್ಲಿ ಹತ್ತು ವರ್ಷಕ್ಕೆ ನೂರಕ್ಕೆ 90ರ ಮೇಲೆ ನಿಲ್ಲತ್ತೆ. ಮೇಲಿನ ಕ್ಯಾಪ್ ಅಷ್ಟು ಬರಲ್ಲ, ಹತ್ತು ಹದಿನೈದು ವರ್ಷಕ್ಕೆ ಒಂದ್ಸಲ ಬದಲಾಯಿಸೋ ಖರ್ಚು ಇರತ್ತೆ ಅಂತಾನೇ ಇಟ್ಕೊಳ್ಳಿ.

ಇಲ್ಲಿ "ಸರಿಯಾಗಿ ಆಯ್ಕೆ ಮಾಡಿದ ಪೇಷೆಂಟ್" ಅನ್ನೋದೇ ನಿಮ್ಮ ವಿಷಯದಲ್ಲಿ ದೊಡ್ಡ ಮಾತು. 8.6 ಶುಗರಲ್ಲಿ ನಾನು ಇಂಪ್ಲಾಂಟ್ ಹಾಕಲ್ಲ. ಗಾಯ ಮಾಯೋದು ನಿಧಾನ ಆಗತ್ತೆ, ಸೋಂಕು ಬೇಗ ಹಿಡಿಯತ್ತೆ, ಮೂಳೆ ಸ್ಕ್ರೂನ ಹಿಡಿಯೋದು ಸರಿಯಾಗಲ್ಲ. 7ರ ಆಸುಪಾಸು ಬಂದ್ರೆ ಧೈರ್ಯವಾಗಿ ಮಾಡ್ತೀನಿ, ಏಳೂವರೆ ತನಕ ನೋಡಿ ಮಾಡ್ತೀನಿ. ಮೂರೂ ಕಡೆ ರೇಟ್ ಹೇಳಿದಾರೆ, ಶುಗರ್ ಬಗ್ಗೆ ಯಾರು ಕೇಳಿದ್ರು ಅಂತ ನೀವು ಬರೆದಿಲ್ಲ, ಅದನ್ನ ಕೇಳದೆ ಡೇಟ್ ಕೊಟ್ಟಿದ್ರೆ ಆ ಕ್ಲಿನಿಕ್ ಎಷ್ಟೇ ಕಡಿಮೆ ಹೇಳಿದ್ರೂ ಬೇಡ. ನಿಮ್ಮ ಫಿಸಿಷಿಯನ್ ಹತ್ರ ಹೋಗಿ ಮಾತ್ರೆ ಸರಿ ಮಾಡ್ಸಿ, ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡ್ಸಿ. ವಸಡು ಕ್ಲೀನಿಂಗ್ ಮಾತ್ರ ಈಗಲೇ ಮಾಡ್ಸಿ, ವಸಡಿನ ಸೋಂಕು ಇದ್ರೆ ಶುಗರ್ ಇಳಿಸೋದೂ ಕಷ್ಟ, ಇದು ಎರಡೂ ಕಡೆಯಿಂದ ಹಿಡಿಯೋ ಕಾಯಿಲೆ.

ಇದರ ಜೊತೆ ಎರಡು ವಿಷಯ ಅಮ್ಮನ್ನ ಕೂರಿಸ್ಕೊಂಡು ಕೇಳಿ. ಮೂಳೆ ಸವೆತಕ್ಕೆ ಅಂತ ವಾರಕ್ಕೊಂದು ಮಾತ್ರೆ, ಅಥವಾ ವರ್ಷಕ್ಕೊಂದು ಡ್ರಿಪ್ ಇಂಜೆಕ್ಷನ್ ತಗೊಂಡಿದಾರಾ? ಆ ಔಷಧಿ ತಗೊಂಡವರಲ್ಲಿ ಅಪರೂಪಕ್ಕೆ ದವಡೆ ಮೂಳೆ ಸಾಯೋ ತೊಂದ್ರೆ ಬರತ್ತೆ, ಡಾಕ್ಟ್ರಿಗೆ ಗೊತ್ತಿರಲೇಬೇಕು. ಈ ವಯಸ್ಸಿನ ಹೆಂಗಸರು ಅದನ್ನ "ಕ್ಯಾಲ್ಸಿಯಂ ಮಾತ್ರೆ" ಅಂತ ಹೇಳ್ಬಿಡ್ತಾರೆ, ಹಾಗಾಗಿ ಮಾತ್ರೆ ಪಟ್ಟಿನೇ ಡಾಕ್ಟ್ರಿಗೆ ತೋರಿಸಿ. ಇನ್ನೊಂದು ಎಲೆ ಅಡಿಕೆ, ಹೊಗೆಸೊಪ್ಪು. ಬಾಯಿ ಪೂರ್ತಿ ತೆರೆಯಕ್ಕೆ ಆಗತ್ತಾ, ಮೂರು ಬೆರಳು ಉದ್ದಕ್ಕೆ ಹಿಡಿಸತ್ತಾ ನೋಡಿ. ಅಡಿಕೆಯಿಂದ ಕೆನ್ನೆ ಬಿಗಿ ಆಗಿದ್ರೆ ಹಿಂದಿನ ದವಡೆಗೆ ಡ್ರಿಲ್ ಹೋಗೋದೇ ಕಷ್ಟ.

ಡ್ರಿಲ್ ಅಂದ ತಕ್ಷಣ ಹೆದರಬೇಡಿ, ಮರಗಟ್ಟೋ ಇಂಜೆಕ್ಷನ್ ಕೊಟ್ಟೇ ಮಾಡೋದು, ಹಲ್ಲು ಕೀಳೋದಕ್ಕಿಂತ ನೋವು ಕಮ್ಮಿ ಅಂತಾನೇ ಎಷ್ಟೋ ಜನ ಹೇಳ್ತಾರೆ. ಆದ್ರೆ ಆ ಡ್ರಿಲ್ಲಲ್ಲೇ ಖರ್ಚಿನ ಒಂದು ಗುಟ್ಟಿದೆ. ಮೂಳೆ 47 ಡಿಗ್ರಿ ಬಿಸಿ ಒಂದು ನಿಮಿಷ ತಗೊಂಡ್ರೆ ಸಾಯಕ್ಕೆ ಶುರುವಾಗತ್ತೆ, ಅದಕ್ಕೇ ಸಲೈನ್ ಸುರೀತಾ ನಿಧಾನಕ್ಕೆ, ಬಿಟ್ಟು ಬಿಟ್ಟು ಕೊರೀತೀವಿ, ಮೊಂಡಾದ ಡ್ರಿಲ್ ಜಾಸ್ತಿ ಬಿಸಿ ಮಾಡತ್ತೆ ಅಂತ ಇಷ್ಟು ಕೇಸಿಗೆ ಅಂತ ಲೆಕ್ಕ ಇಟ್ಟು ಬಿಸಾಕ್ತೀವಿ. ತೀರಾ ಕಡಿಮೆ ರೇಟಿನ ಪ್ಯಾಕೇಜಲ್ಲಿ ಎಲ್ಲಿ ಉಳಿಸ್ತಾರೆ ಅಂದ್ರೆ ಇಂಥ ಕಣ್ಣಿಗೆ ಕಾಣದ ಕಡೆ, ಡ್ರಿಲ್ಲು, ಸ್ಟೆರಿಲೈಸೇಷನ್ನು, ಸ್ಕ್ಯಾನು.

ಈಗ ಬ್ರಿಡ್ಜ್. ಬೇರೆ ಯಾರಾದ್ರೂ ಆಗಿದ್ರೆ, ಅಕ್ಕಪಕ್ಕದ ಎರಡೂ ಹಲ್ಲು ಗಟ್ಟಿಮುಟ್ಟಾಗಿದ್ರೆ, ಒಂದು ಹಲ್ಲಿಗೋಸ್ಕರ ಎರಡು ಒಳ್ಳೆ ಹಲ್ಲು ಅರೆಯೋದು ಬೇಡ ಅಂತ ಖಂಡಿತ ಹೇಳ್ತಿದ್ದೆ. ನಿಮ್ಮಮ್ಮಂದು ಹಾಗಿಲ್ಲ. ಹಿಂದಿನ ಹಲ್ಲಿಗೆ ಆಗಲೇ ಕ್ಯಾಪ್ ಇದೆ, ಆ ಕ್ಯಾಪ್ ತೆಗೆದು ಬ್ರಿಡ್ಜಿಗೆ ಸೇರಿಸ್ಕೊಳ್ಳಬಹುದು, ಹೊಸದಾಗಿ ಅರೆಯೋದು ಮುಂದಿನದೊಂದೇ. ಹಾಗಾಗಿ 15,000ದ ಬ್ರಿಡ್ಜ್ ನಿಮ್ಮ ಕೇಸಲ್ಲಿ ಕಳಪೆ ಆಯ್ಕೆ ಅಲ್ಲ, ಒಪ್ಪೋವಂಥ ಆಯ್ಕೆನೇ. ರಿಸ್ಕ್ ಎಲ್ಲಿದೆ ಅಂದ್ರೆ ಎಂಟು ವರ್ಷ ಹಳೇ ರೂಟ್ ಕೆನಾಲ್ ಹಲ್ಲು ಇನ್ನೂ ಒಂದು ಹಲ್ಲಿನ ಭಾರ ಹೊರಬೇಕು, ಅದರ ಬೇರು ಸೀಳಿದ್ರೆ ಅಥವಾ ಕೆಳಗೆ ಕೀವು ಕಟ್ಟಿದ್ರೆ ಬ್ರಿಡ್ಜ್ ಪೂರ್ತಿ ಹೋಗತ್ತೆ, ಆಗ ಒಂದರ ಬದಲು ಎರಡು ಹಲ್ಲಿನ ಜಾಗ ಖಾಲಿ. ಬ್ರಿಡ್ಜ್ ಕೆಳಗೆ ಊಟ ಸಿಕ್ಕೊಳ್ಳತ್ತೆ, ಸಣ್ಣ ಬ್ರಷ್ ಹಾಕಿ ದಿನಾ ಕ್ಲೀನ್ ಮಾಡ್ಬೇಕು. ಕೆಳಗಿನ ಮೂಳೆ ಕರಗೋದೂ ನಿಲ್ಲಲ್ಲ.

ತೆಗೆದು ಹಾಕೋ ಹಲ್ಲು ಒಂದಕ್ಕೆ ಎರಡು ಮೂರು ಸಾವಿರದಲ್ಲಿ ಆಗತ್ತೆ, ಶುಗರ್ ಇಳಿಯೋ ತನಕ ಬೇಕಾದ್ರೆ ಹಾಕ್ಕೊಳ್ಳಲಿ, ಆದ್ರೆ ಒಂದೇ ದವಡೆ ಹಲ್ಲಿಗೆ ಅದು ಹಾಕ್ಕೊಂಡು ಚಕ್ಕುಲಿ ಅಗಿಯೋರನ್ನ ನಾನು ನೋಡಿಲ್ಲ, ಡಬ್ಬಿಲೇ ಇರತ್ತೆ. ಏನೂ ಮಾಡದೆ ಬಿಟ್ರೆ? ಹಿಂದಿನ ಹಲ್ಲು ನಿಧಾನಕ್ಕೆ ಮುಂದಕ್ಕೆ ವಾಲತ್ತೆ, ಮೇಲಿನ ಹಲ್ಲು ಖಾಲಿ ಜಾಗಕ್ಕೆ ಇಳಿಯತ್ತೆ, ಆಮೇಲೆ ಹಾಕೋಣ ಅಂದ್ರೂ ಜಾಗ ಇರಲ್ಲ. ನಾಲ್ಕು ತಿಂಗಳು ಕಾಯೋದ್ರಿಂದ ಏನೂ ಆಗಲ್ಲ, ನಾಲ್ಕು ವರ್ಷ ಬಿಡಬೇಡಿ.

ತಂದೆಯವರು "ಈ ವಯಸ್ಸಲ್ಲಿ ಯಾಕೆ" ಅಂದಿದ್ದಕ್ಕೆ ಗೌರವದಿಂದಲೇ ಹೇಳ್ತೀನಿ, 58 ವಯಸ್ಸೇ ಅಲ್ಲ. 75 ದಾಟಿದವರಿಗೂ ಹಾಕಿದೀನಿ, ವಯಸ್ಸು ಅಡ್ಡಿ ಅಲ್ಲ, ಶುಗರ್ರು ಅಡ್ಡಿ. ನಮ್ಮ ಕಡೆ ಮನೆ ಹೆಂಗಸರ ಹಲ್ಲು ಯಾವಾಗ್ಲೂ ಕೊನೆಗೆ, "ನಂಗ್ಯಾಕೆ ಬಿಡ್ರಿ, ಮೊದ್ಲು ಬೋರ್‌ವೆಲ್ ಆಗ್ಲಿ, ಮಗಳ ಮದುವೆ ಆಗ್ಲಿ" ಅಂತ ಅವರೇ ಹೇಳ್ತಾರೆ, ನಾವೂ ಹೂಂ ಅಂತೀವಿ. ಒಂದೇ ಕಡೆ ಅಗಿದು ಅಗಿದು ಆ ಕಡೆ ಹಲ್ಲೂ ಸವೆದು ಬಂದಾಗ ನನಗೆ ನಿಜವಾಗ್ಲೂ ಸಂಕಟ ಆಗತ್ತೆ. ಮುದ್ದೆ ನುಂಗಬಹುದು, ಕಾಳು, ತರಕಾರಿ, ಕಡಲೆಬೀಜ ನುಂಗಕ್ಕಾಗಲ್ಲ, ಶುಗರ್ ಇರೋರಿಗೆ ಬೇಕಾಗಿರೋದೂ ಅದೇ.

ಆದ್ರೆ ಸಾಲ ಮಾಡಬೇಡಿ. ಕ್ಲಿನಿಕ್ಕಲ್ಲಿ ಬಡ್ಡಿ ಇಲ್ಲದ ಕಂತು ಅಂತಾರೆ, ಪ್ರೊಸೆಸಿಂಗ್ ಚಾರ್ಜ್ ಎಷ್ಟು, ಇಂಪ್ಲಾಂಟ್ ಫೇಲ್ ಆದ್ರೂ ಕಂತು ಕಟ್ಟಬೇಕಾ ಕೇಳಿ, ಕಟ್ಟಲೇಬೇಕು. ಸಾಮಾನ್ಯ ಮೆಡಿಕ್ಲೈಮಲ್ಲಿ ಆಕ್ಸಿಡೆಂಟ್ ಆಗದೆ ಹಲ್ಲಿನ ಖರ್ಚು ಕೊಡಲ್ಲ. ಸರ್ಕಾರದ ದಂತ ಭಾಗ್ಯ ಯೋಜನೆ ಇರೋದು ಬಿಪಿಎಲ್ ಕಾರ್ಡಿನವರ ತೆಗೆದು ಹಾಕೋ ಹಲ್ಲು ಸೆಟ್ಟಿಗೆ, ಇಂಪ್ಲಾಂಟಿಗಲ್ಲ. ನಿಮಗೆ ನಾನು ಹೇಳೋ ದಾರಿ ಡೆಂಟಲ್ ಕಾಲೇಜು. ಹಾಸನದಲ್ಲಿ ಹಾಸನಾಂಬ ಡೆಂಟಲ್ ಕಾಲೇಜ್ ಇದೆ, ಅರಸೀಕೆರೆ ಜಂಕ್ಷನ್ನಿಂದ ರೈಲು ಹತ್ತಿದ್ರೆ ದಾವಣಗೆರೆಗೆ ಬಾಪೂಜಿ, ಮೈಸೂರಿಗೆ ಜೆಎಸ್‌ಎಸ್. ಇಂಥ ಕಡೆ ಎಂಡಿಎಸ್, ಅಂದ್ರೆ ಹಲ್ಲಿನ ಡಾಕ್ಟ್ರ ಮೇಲಿನ ಡಿಗ್ರಿ ಓದ್ತಿರೋರು ಪ್ರೊಫೆಸರ್ ಎದುರಿಗೇ ಮಾಡ್ತಾರೆ, ಹೊರಗಿಗಿಂತ ಸಾಮಾನ್ಯವಾಗಿ ಕಡಿಮೆ ಆಗತ್ತೆ, ಪ್ರತಿ ಹೆಜ್ಜೆನೂ ಒಬ್ರು ಚೆಕ್ ಮಾಡ್ತಾರೆ. ನಾಲ್ಕು ಸಲ ಆಗೋ ಕಡೆ ಎಂಟು ಸಲ ಓಡಾಡಬೇಕು, ಕಾಯಬೇಕು, ಅಮ್ಮಂಗೆ ಅದು ಆಗತ್ತಾ ಅಂತ ನೀವೇ ನೋಡ್ಕೊಳ್ಳಿ. ನಿಮ್ಮೂರ ಕ್ಲಿನಿಕ್ಕೇ ಆದ್ರೆ, ಹಾಕೋರು ಅವರೇನಾ ಅಥವಾ ಹೊರಗಿಂದ ಕನ್ಸಲ್ಟೆಂಟ್ ಬಂದು ಹಾಕಿ ಹೋಗ್ತಾರಾ ಕೇಳಿ. ಬಂದು ಹಾಕಿ ಹೋಗೋದು ತಪ್ಪಲ್ಲ, ನಾನೂ ಬೇರೆ ಊರಿಗೆ ಹೋಗ್ತೀನಿ, ಆದ್ರೆ ರಾತ್ರಿ ಊತ ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಮೊದಲೇ ಗೊತ್ತಿರಬೇಕು.

ನಾನು ನಿಮ್ಮ ಜಾಗದಲ್ಲಿದ್ರೆ ಏನು ಮಾಡ್ತಿದ್ದೆ ಅಂದ್ರೆ, ಬೆಂಗಳೂರಿನ ಸ್ಕ್ಯಾನ್ ಸಿಡಿ ಇಸ್ಕೊಂಡು ಬರ್ತಿದ್ದೆ, ಅದು ನಿಮ್ಮ ದುಡ್ಡಿನದು, ಕೊಡಲೇಬೇಕು, ಇನ್ನೊಂದು ಕಡೆ ಮತ್ತೆ ತೆಗ್ಸೋದು ಬೇಡ. ಅದನ್ನ ಹಾಸನದಲ್ಲಿ ತೋರಿಸಿ ಸ್ಕ್ರೂ ಕಂಪನಿ, ಗ್ರಾಫ್ಟ್, ಅಬಟ್‌ಮೆಂಟ್, ಕ್ಯಾಪ್, ಫೇಲ್ ಆದ್ರೆ ಏನು, ಎಲ್ಲ ಸೇರಿಸಿ ಒಂದೇ ಹಾಳೆಲಿ ಬರೆಸ್ಕೊತಿದ್ದೆ. ಎಲ್ಲ ಸೇರಿ 40ರಿಂದ 50 ಸಾವಿರದೊಳಗೆ ಬಂದು, ಅದು ಕೈಲಿರೋ ದುಡ್ಡಾಗಿ, ಶುಗರ್ ಇಳಿದ್ರೆ ಇಂಪ್ಲಾಂಟ್. ಯಾವುದಾದ್ರೂ ಒಂದು ಕೂಡಿ ಬರ್ಲಿಲ್ಲ ಅಂದ್ರೆ ಬ್ರಿಡ್ಜ್, ಅಮ್ಮಂಗೆ ಕಡಿಮೆದು ಮಾಡಿಸಿದ್ವಿ ಅಂತ ಕೊರಗೋದೇನೂ ಬೇಡ. ಎರಡಕ್ಕೂ ಮೊದಲು ಆ ಹಿಂದಿನ ಕ್ಯಾಪ್ ಹಲ್ಲಿನ ಒಂದು ಸಣ್ಣ ಎಕ್ಸ್‌ರೇ ತೆಗ್ಸಿ, ಇನ್ನೂರು ಮುನ್ನೂರು ರೂಪಾಯಿ ಆಗತ್ತೆ. ಅದರ ಬೇರಿನ ಕೆಳಗೆ ಕಪ್ಪು ಮಚ್ಚೆ ಕಂಡ್ರೆ ಬ್ರಿಡ್ಜ್ ಮಾತು ಅಲ್ಲಿಗೆ ಬಿಡಿ, ಆ ಹಲ್ಲಿನ ಚಿಕಿತ್ಸೆನೇ ಮೊದಲು ಆಗಬೇಕಾಗತ್ತೆ, ಆಗ ಆ ಎಕ್ಸ್‌ರೇ ಮತ್ತೆ ಹೊಸ ಶುಗರ್ ರಿಪೋರ್ಟ್ ಎರಡೂ ಇಟ್ಕೊಂಡು ಇನ್ನೊಂದ್ಸಲ ಬರೀರಿ.